ಓದುವವರ ಗುಣವೂ ಪುರಾಣದ ಅರ್ಥವೂ

ಮಂಡ್ಯ ಸೀಮೆಯ ಹಳ್ಳಿಗಳಲ್ಲಿ ಕುರುಕ್ಷೇತ್ರ ನಾಟಕ ಕಟ್ಟಲು ಹೊರಟಾಗ ಮೊದಲು ಏಳುವ ಪ್ರಶ್ನೆ ಯಾವ ಪಾರ್ಟು ಯಾರಿಗೆ ಅನ್ನುವುದು. ಪಾರ್ಟು ಮಾಡುವವರೇ ಕೈಯಿಂದ ದುಡ್ಡು ಹಾಕುತ್ತಾರೆ. ದುರ್ಯೋಧನ, ಕರ್ಣ, ಕೃಷ್ಣನ ಪಾರ್ಟುಗಳಿಗೆ ಹೆಚ್ಚು ಹಾಕಬೇಕು. ಹಗಲೆಲ್ಲ ಕಬ್ಬಿನ ಗದ್ದೆಗೆ ನೀರು ಕಟ್ಟಿದವರು ರಾತ್ರಿ ಹಾರ್ಮೋನಿಯಂ ಮೇಷ್ಟ್ರ ಎದುರು ಕೂತು ತಿಂಗಳುಗಟ್ಟಲೆ ಹಾಡು, ಮಾತು ಬಾಯಿಪಾಠ ಮಾಡುತ್ತಾರೆ. ನಾಟಕದ ರಾತ್ರಿ ಕರ್ಣನಿಗೆ ಬೀಳುವ ಶಿಳ್ಳೆ, ನೋಟಿನ ಹಾರ ಧರ್ಮರಾಯನಿಗೆ ಬಿದ್ದದ್ದನ್ನು ನಾನು ಕಂಡಿಲ್ಲ.

ಈ ಕರ್ಣನ ಬಗ್ಗೆ ಕುಮಾರವ್ಯಾಸನ ಉದ್ಯೋಗಪರ್ವದಲ್ಲಿ ಒಂದು ಪದ್ಯವಿದೆ, ಶಾಲೆಯಲ್ಲಿ ಓದಿದವರಿಗೆ ಈಗಲೂ ಬಾಯಿಗೆ ಬರುತ್ತದೆ. ಸಂಧಾನ ಮುರಿದುಬಿದ್ದ ಮೇಲೆ ಕೃಷ್ಣ ಕರ್ಣನನ್ನು ರಥದಲ್ಲಿ ಪಕ್ಕಕ್ಕೆ ಕೂರಿಸಿಕೊಂಡು, ನೀನು ಸೂತನ ಮಗನಲ್ಲ, ಕುಂತಿಯ ಹಿರಿಮಗ, ರಾಜ್ಯ ನಿನ್ನದು ಅನ್ನುತ್ತಾನೆ. ಆಗ ಕರ್ಣನಿಗೆ ಏನಾಯಿತು?

ಕೊರಳ ಸೆರೆ ಹಿಗ್ಗಿದವು ದೃಗುಜಲ
ಉರವಣಿಸಿ ಕಡುನೊಂದನಕಟಾ
ಕುರುಪತಿಗೆ ಕೇಡಾದುದೆಂದನು ತನ್ನ ಮನದೊಳಗೆ

ಗಂಟಲು ಕಟ್ಟಿ ಕಣ್ಣೀರು ಉಕ್ಕುತ್ತಿರುವಾಗ ಅವನಿಗೆ ಹೊಳೆಯುವ ಮೊದಲ ಮಾತು ತನ್ನ ಬಗ್ಗೆ ಅಲ್ಲ, ದುರ್ಯೋಧನನ ಬಗ್ಗೆ. ಅಯ್ಯೋ, ಕುರುಪತಿಗೆ ಕೇಡು ಬಂತಲ್ಲ ಎಂದು.

ನಾಟಕ ಮುಗಿದ ಬೆಳಗಿನ ಜಾವ, ಟೀ ಅಂಗಡಿಯ ಮುಂದೆ ಈ ಸನ್ನಿವೇಶದ ಬಗ್ಗೆ ನಡೆದ ಮಾತನ್ನು ಹಾಗೇ ಕೊಡುತ್ತೇನೆ. ಪಂಚೆ ಎತ್ತಿ ಕಟ್ಟಿದ್ದ ಒಬ್ಬರು ಹೇಳಿದರು: "ಏನಾದ್ರೂ ಅನ್ನಿ, ಉಂಡ ಮನೆಗೆ ಎರಡು ಬಗೆಯೋನಲ್ಲ ಕಣಣ್ಣ ಕರ್ಣ. ಗಂಡ್ಸು ಅಂದ್ರೆ ಹಂಗಿರ್ಬೇಕು." ಪಕ್ಕದ ಹುಡುಗ: "ಸೂತನ ಮಗ ಸೂತನ ಮಗ ಅಂತ ಆಯಸ್ಸೆಲ್ಲ ಉಗಿಸ್ಕೊಂಡೋನು, ಕೊನೇ ಗಳಿಗೇಲಿ ಬಂದು ನೀನು ಕ್ಷತ್ರಿಯ ಅಂದ್ರೆ ಯಾಕೆ ಹೋಗ್ಬೇಕು ಹೇಳಿ?" ಮೊಮ್ಮಗುವನ್ನು ಸೆರಗಿನೊಳಗೆ ಮಲಗಿಸಿಕೊಂಡು ಕೂತಿದ್ದ ಒಬ್ಬ ಅಜ್ಜಿ ಇಬ್ಬರ ಮುಖವನ್ನೂ ನೋಡಿ, "ಆಯ್ತು ಕಣಪ್ಪ. ಆ ಹೆಣ್ಣಿನ ಸೀರೆಗೆ ಕೈ ಹಾಕುವಾಗ ಇವನೂ ಅಲ್ಲೇ ಕೂತಿದ್ನಲ್ಲ, ಆವಾಗ ಏನಂದ?" ಎಂದರು.

ಮೂವರೂ ಒಂದೇ ನಾಟಕ ನೋಡಿದ್ದರು. ಯಾರೂ ಇಲ್ಲದ್ದನ್ನು ಹೇಳಲಿಲ್ಲ. ಆದರೂ ಮೂವರ ಕರ್ಣ ಬೇರೆ ಬೇರೆ. ಈ ವ್ಯತ್ಯಾಸ ಎಲ್ಲಿಂದ ಬರುತ್ತದೆ? ಅವರವರ ಅಭಿರುಚಿ ಎಂದು ಬಿಟ್ಟುಬಿಡುವುದು ಸುಲಭ. ನನಗೆ ಅದು ಸಾಲದು. ಪುರಾಣದ ಅರ್ಥ ಹೊರಬರುವಲ್ಲಿ ಓದುವವರ ಗುಣಕ್ಕೆ, ಅಂದರೆ ಅವರು ಏನನ್ನು ಪ್ರೀತಿಸುತ್ತಾರೆ, ಯಾವುದಕ್ಕೆ ನಾಚುತ್ತಾರೆ, ಯಾರ ನೋವು ಅವರ ಕಿವಿಗೆ ಬೀಳುತ್ತದೆ ಎಂಬುದಕ್ಕೆ, ನಾವು ಒಪ್ಪಿಕೊಳ್ಳುವುದಕ್ಕಿಂತ ಹೆಚ್ಚಿನ ಪಾಲಿದೆ.

ಇದು ಹೊಸ ಮಾತೇನೂ ಅಲ್ಲ. ಬೃಹದಾರಣ್ಯಕ ಉಪನಿಷತ್ತಿನ ಐದನೇ ಅಧ್ಯಾಯದಲ್ಲಿ ಪ್ರಜಾಪತಿಯ ಹತ್ತಿರ ದೇವತೆಗಳು, ಮನುಷ್ಯರು, ಅಸುರರು ಮೂರು ಗುಂಪಾಗಿ ಬಂದು ಉಪದೇಶ ಕೇಳುತ್ತಾರೆ. ಮೂವರಿಗೂ ಅವನು ಹೇಳುವುದು ಒಂದೇ ಅಕ್ಷರ: ದ. ಭೋಗದಲ್ಲಿ ಮುಳುಗಿದ ದೇವತೆಗಳಿಗೆ ಅದು ದಮನ ಎಂದು ಕೇಳಿಸಿತು, ಕೂಡಿಡುವ ಮನುಷ್ಯರಿಗೆ ದಾನ ಎಂದು, ಹಿಂಸೆ ಮಾಡುವ ಅಸುರರಿಗೆ ದಯೆ ಎಂದು. ಮೂವರಿಗೂ ಪ್ರಜಾಪತಿ ಸರಿಯಾಗಿ ತಿಳಿದಿರಿ ಎನ್ನುತ್ತಾನೆ. ಇದನ್ನು ಸಾಮಾನ್ಯವಾಗಿ "ಅವರವರ ಭಾವಕ್ಕೆ" ಎಂಬ ಅರ್ಥದಲ್ಲಿ ಹೇಳಿ ಮುಗಿಸುತ್ತಾರೆ. ಆದರೆ ಕಥೆಯಲ್ಲಿ ಒಂದು ವಿಶೇಷವಿದೆ. ಮೂವರಿಗೂ ಕೇಳಿಸಿದ್ದು ತಮಗೆ ಹಿತವಾದದ್ದಲ್ಲ, ತಮ್ಮ ಕೊರತೆ. ಅಸುರರು ಬೇಕೆಂದಿದ್ದರೆ ಆ ಅಕ್ಷರದಲ್ಲಿ ದಂಡನೆಯನ್ನು ಕೇಳಿಸಿಕೊಳ್ಳಬಹುದಿತ್ತು. ಕೇಳಿಸಿಕೊಳ್ಳಲಿಲ್ಲ. ಅದಕ್ಕೇ ಪ್ರಜಾಪತಿ ಸರಿ ಅಂದದ್ದು.

ಶಂಕರಾಚಾರ್ಯರು ತಮ್ಮ ಭಾಷ್ಯದಲ್ಲಿ ಇನ್ನೊಂದು ಹೆಜ್ಜೆ ಮುಂದೆ ಹೋಗುತ್ತಾರೆ. ಬೇರೆ ದೇವತೆ, ಬೇರೆ ಅಸುರ ಅಂತ ಇಲ್ಲ ಎಂದೂ ತಿಳಿಯಬಹುದು. ಮನುಷ್ಯರಲ್ಲೇ ಉಳಿದ ಗುಣಗಳಿದ್ದೂ ಹಿಡಿತವಿಲ್ಲದವರು ದೇವತೆಗಳು, ಲೋಭ ಹೆಚ್ಚಿರುವವರು ಮನುಷ್ಯರು, ಕ್ರೂರರು ಅಸುರರು. ಆದ್ದರಿಂದ ಮೂರು ಉಪದೇಶವೂ ಮನುಷ್ಯರಿಗೇ ಎನ್ನುತ್ತಾರೆ. ಮೂರು ಗುಂಪಿನಲ್ಲಿ ನಮ್ಮದು ಒಂದೇ, ಉಳಿದ ಎರಡರ ಗೊಡವೆ ನಮಗೆ ಬೇಡ ಎಂದುಕೊಳ್ಳಲು ಅವರು ಬಿಡುವುದಿಲ್ಲ.

ಸರಿ, ಗುಣ ಅರ್ಥವನ್ನು ಬದಲಿಸುವುದು ಹೇಗೆ? ಅಕ್ಷರಗಳನ್ನಂತೂ ಅದು ತಿದ್ದುವುದಿಲ್ಲ. ಕಥೆಯೊಳಗೆ ನಾವು ಎಲ್ಲಿ ನಿಲ್ಲುತ್ತೇವೆ ಎಂಬುದನ್ನು ಅದು ಮೊದಲು ಗೊತ್ತುಮಾಡುತ್ತದೆ. ಇದಕ್ಕೆ ಬೈಬಲಿನ ದಾವೀದನ ಪ್ರಸಂಗಕ್ಕಿಂತ ಒಳ್ಳೆಯ ನಿದರ್ಶನ ನನಗೆ ಗೊತ್ತಿಲ್ಲ. ದೊರೆ ದಾವೀದ ತನ್ನ ಸೈನಿಕ ಊರೀಯನ ಹೆಂಡತಿಯನ್ನು ಇಟ್ಟುಕೊಂಡ. ಊರೀಯನನ್ನು ಯುದ್ಧದಲ್ಲಿ ಮುಂದಿನ ಸಾಲಿಗೆ ಕಳಿಸಿ ಸಾಯುವಂತೆ ಮಾಡಿದ. ಆಮೇಲೆ ಪ್ರವಾದಿ ನಾತಾನ ಬಂದು ಒಂದು ಕಥೆ ಹೇಳುತ್ತಾನೆ. ಒಂದು ಊರಲ್ಲಿ ಒಬ್ಬ ಸಾಹುಕಾರ, ಒಬ್ಬ ಬಡವ. ಸಾಹುಕಾರನಿಗೆ ಬೇಕಾದಷ್ಟು ದನ, ಕುರಿ. ಬಡವನಿಗೆ ಒಂದೇ ಕುರಿಮರಿ; ಅವನ ತುತ್ತಿನಲ್ಲಿ ತಿಂದು, ಅವನ ಬಟ್ಟಲಿನಲ್ಲಿ ಕುಡಿದು, ಮಗಳ ಹಾಗೆ ಎದೆಯ ಮೇಲೆ ಮಲಗುತ್ತಿತ್ತು. ನೆಂಟ ಬಂದಾಗ ಸಾಹುಕಾರ ತನ್ನ ಮಂದೆಗೆ ಕೈ ಹಚ್ಚದೆ ಬಡವನ ಮರಿಯನ್ನು ಕಿತ್ತು ತಂದು ಅಡುಗೆ ಮಾಡಿಸಿದ. ದಾವೀದ ಕೆರಳುತ್ತಾನೆ, ಅವನು ಸಾಯತಕ್ಕವನು, ಒಂದಕ್ಕೆ ನಾಲ್ಕು ಕಟ್ಟಿಕೊಡಬೇಕು ಎನ್ನುತ್ತಾನೆ. ನಾತಾನ ಹೇಳುತ್ತಾನೆ: ಆ ಮನುಷ್ಯ ನೀನೇ.

ದಾವೀದನಿಗೆ ನ್ಯಾಯ ಅನ್ಯಾಯ ತಿಳಿಯದೆ ಹೋಗಿರಲಿಲ್ಲ. ಕಥೆಯನ್ನು ಅವನು ಬಹಳ ಸರಿಯಾಗಿ ಅರ್ಥಮಾಡಿಕೊಂಡ. ತಾನು ಅದರೊಳಗೆ ಇಲ್ಲ ಎಂದುಕೊಂಡಿರುವವರೆಗೂ ಅವನ ವಿವೇಕ ಚೆನ್ನಾಗಿಯೇ ಕೆಲಸ ಮಾಡಿತು. ನಾವು ಪುರಾಣ ಕೇಳುವಾಗ ನಡೆಯುವುದೂ ಬಹುಪಾಲು ಇದೇ. ಶಬರಿ ಎದುರು ಬಂದರೆ ನಾವು ರಾಮ, ಕಂಸ ಬಂದರೆ ನಾವು ಕೃಷ್ಣ, ಧೃತರಾಷ್ಟ್ರ ಬಂದರೆ ನಾವು ವಿದುರ. ಮಗನ ತಪ್ಪನ್ನು ಊರ ಮುಂದೆ ಮುಚ್ಚಿಹಾಕಿದ ಅಪ್ಪ ಕೂಡ ಧೃತರಾಷ್ಟ್ರನ ಪುತ್ರಮೋಹಕ್ಕೆ ಮನಸಾರೆ ಮರುಗಬಲ್ಲ, ಮರುಗಿ ಎದ್ದು ಮನೆಗೆ ಹೋಗಬಲ್ಲ. ನಾತಾನ ಬೆರಳು ತೋರಿಸಿದಾಗ ದಾವೀದ ಅವನ ತಲೆ ತೆಗೆಸಬಹುದಿತ್ತು, ಅಧಿಕಾರವಿತ್ತು. "ಪಾಪ ಮಾಡಿದೆ" ಎಂದ. ಆ ಒಂದು ಮಾತಿಗಾಗಿಯೇ ಅವನು ಇಷ್ಟೆಲ್ಲ ಮಾಡಿಯೂ ನನಗೆ ಒಳ್ಳೆಯ ಕೇಳುಗ ಅನ್ನಿಸುತ್ತಾನೆ.

ಎಲ್ಲಿ ನಿಲ್ಲುತ್ತೇವೆ ಎಂಬುದು ಗೊತ್ತಾದ ಮೇಲೆ, ಯಾವ ಸಾಲುಗಳು ಕಣ್ಣಿಗೆ ಬೀಳಬೇಕು, ಯಾವುವು ಬೀಳಬಾರದು ಎಂಬುದು ತಾನಾಗಿಯೇ ನಡೆಯುತ್ತದೆ. ಕರ್ಣನ ಋಣನಿಷ್ಠೆಗೆ ಮೆಚ್ಚುವವರು ಸಭಾಪರ್ವವನ್ನು ಬೇಗ ಬೇಗ ದಾಟುತ್ತಾರೆ. ವ್ಯಾಸಭಾರತದಲ್ಲಿ ದ್ರೌಪದಿಯನ್ನು ತುಂಬಿದ ಸಭೆಯಲ್ಲಿ ಕುಲಟೆ ಎಂದವನು, ಅವಳ ಬಟ್ಟೆ ಕಳೆಯಲು ದುಶ್ಶಾಸನನಿಗೆ ಹೇಳಿದವನು ಕರ್ಣನೇ. ಟೀ ಅಂಗಡಿಯ ಅಜ್ಜಿ ಕೇಳಿದ್ದು ಇದನ್ನೇ. ಹಾಗೆಯೇ ಕರ್ಣನನ್ನು ಬರೀ ದುಷ್ಟನೆಂದು ತಳ್ಳಿಹಾಕುವವರು ಉದ್ಯೋಗಪರ್ವದ ಒಂದು ಮಾತನ್ನು ಬಿಡುತ್ತಾರೆ. ಅಲ್ಲಿ ಅವನೇ ಕೃಷ್ಣನಿಗೆ, ದುರ್ಯೋಧನನನ್ನು ಮೆಚ್ಚಿಸಲು ಪಾಂಡವರಿಗೆ ಅಂದ ಕಟುಮಾತುಗಳಿಗೆ ಈಗ ಬೇಯುತ್ತಿದ್ದೇನೆ ಎನ್ನುತ್ತಾನೆ. ಅಪರಾಧವೂ ಪಶ್ಚಾತ್ತಾಪವೂ ಒಂದೇ ಗ್ರಂಥದಲ್ಲಿವೆ. ಎರಡನ್ನೂ ಒಟ್ಟಿಗೆ ಹಿಡಿದುಕೊಂಡು ಓದುವುದಕ್ಕೆ ಪಾಂಡಿತ್ಯಕ್ಕಿಂತ ಬೇರೆ ಏನೋ ಬೇಕು.

ಬಿಟ್ಟು ಓದುವ ಈ ಗುಣ ಒಮ್ಮೆ ಅಚ್ಚಾಗಿಯೇ ಹೊರಬಂದಿತ್ತು. 1807ರಲ್ಲಿ ಲಂಡನ್ನಿನಲ್ಲಿ, ಬ್ರಿಟಿಷರ ವೆಸ್ಟ್ ಇಂಡೀಸ್ ದ್ವೀಪಗಳ ಗುಲಾಮರಿಗೆಂದು ಆಯ್ದ ಭಾಗಗಳ ಬೈಬಲ್ಲೊಂದನ್ನು ಮುದ್ರಿಸಿದರು. ಮೋಶೆ ತನ್ನ ಜನರನ್ನು ಈಜಿಪ್ಟಿನ ಗುಲಾಮಗಿರಿಯಿಂದ ಬಿಡಿಸಿಕೊಂಡು ಹೋದ ಕಥೆ ಅದರಲ್ಲಿ ಇರಲಿಲ್ಲ. ದಾಸರು ಯಜಮಾನರಿಗೆ ವಿಧೇಯರಾಗಿರಬೇಕು ಎಂಬ ಮಾತು ಇತ್ತು. ಆಯ್ದವರು ಧರ್ಮಪ್ರಚಾರಕ್ಕೆ ಹೊರಟವರು, ಓದಿಕೊಂಡವರು. ಇತ್ತ ಅಮೆರಿಕದಲ್ಲಿ, ಓದಲು ಬರೆಯಲು ಕಲಿಯುವುದನ್ನೇ ಎಷ್ಟೋ ಕಡೆ ನಿಷೇಧಿಸಲಾಗಿದ್ದ ಗುಲಾಮರು ಬಾಯಿಂದ ಬಾಯಿಗೆ ಕೇಳಿದ ಬೈಬಲ್ಲಿನಲ್ಲಿ ಮೋಶೆಯನ್ನೇ ಹಿಡಿದುಕೊಂಡರು. ಗುಲಾಮರನ್ನು ಗುಟ್ಟಾಗಿ ಬಿಡಿಸಿ ಕರೆದೊಯ್ಯುತ್ತಿದ್ದ ಹ್ಯಾರಿಯೆಟ್ ಟಬ್‌ಮನ್‌ಗೆ ಅವರು ಇಟ್ಟ ಹೆಸರು ಮೋಶೆ.

ಓದಿಕೊಂಡವರು ಎಂದೆ. ವಿದ್ಯೆ ಇದ್ದರೆ ಪಕ್ಷಪಾತ ಕಡಿಮೆಯಾದೀತು ಎಂಬ ನಂಬಿಕೆ ನಮ್ಮಲ್ಲಿ ಗಟ್ಟಿಯಾಗಿದೆ, ಮೈಸೂರಿನಂಥ ವಿದ್ವಾಂಸರ ಊರಿನಲ್ಲಂತೂ ಕೇಳುವುದೇ ಬೇಡ. 1979ರಲ್ಲಿ ಸ್ಟ್ಯಾನ್‌ಫರ್ಡ್‌ನ ಮೂವರು ಮನಶ್ಶಾಸ್ತ್ರಜ್ಞರು 48 ವಿದ್ಯಾರ್ಥಿಗಳಿಗೆ ಮರಣದಂಡನೆಯ ಬಗ್ಗೆ ಎರಡು ವರದಿ ಓದಲು ಕೊಟ್ಟರು. ಒಂದು ಪರ, ಒಂದು ವಿರುದ್ಧ. ವಿದ್ಯಾರ್ಥಿಗಳಲ್ಲಿ ಅರ್ಧ ಜನ ಮೊದಲೇ ಆ ಶಿಕ್ಷೆಯ ಪರ, ಅರ್ಧ ವಿರುದ್ಧ. ಎರಡೂ ಕಡೆಯವರು ತಮಗೆ ಒಪ್ಪುವ ವರದಿಯನ್ನು ಗಟ್ಟಿ ಎಂದರು, ಒಪ್ಪದ್ದರಲ್ಲಿ ಹುಳುಕು ಹುಡುಕಿದರು. ಎರಡನ್ನೂ ಓದಿದ ಮೇಲೆ ತಮ್ಮ ಮೊದಲಿನ ಅಭಿಪ್ರಾಯ ಇನ್ನೂ ಬಲವಾಯಿತು ಎಂದೇ ಹೇಳಿದರು. ಬುದ್ಧಿ ಇದ್ದವರಿಗೆ ಹುಳುಕು ಹುಡುಕುವ ಕೈಚಳಕ ಹೆಚ್ಚು. ಯಾವ ಕಡೆ ಹುಡುಕಬೇಕು ಎಂದು ತೋರಿಸುವುದು ಬುದ್ಧಿಯಲ್ಲ.

ಗುಣ ಮಾಡುವ ಇನ್ನೊಂದು ಕೆಲಸ, ಓದು ಎಲ್ಲಿ ನಿಲ್ಲಬೇಕು ಎಂದು ಹೇಳುವುದು. ಛಾಂದೋಗ್ಯ ಉಪನಿಷತ್ತಿನಲ್ಲಿ ಇಂದ್ರ, ವಿರೋಚನ ಇಬ್ಬರೂ ಆತ್ಮ ಯಾವುದು ಎಂದು ತಿಳಿಯಲು ಪ್ರಜಾಪತಿಯ ಹತ್ತಿರ 32 ವರ್ಷ ಬ್ರಹ್ಮಚರ್ಯದಲ್ಲಿ ಇರುತ್ತಾರೆ. ನೀರಿನಲ್ಲಿ ನೋಡಿಕೊಳ್ಳಿ ಎನ್ನುತ್ತಾನೆ. ಚೆನ್ನಾಗಿ ಉಟ್ಟುತೊಟ್ಟು ನೋಡಿಕೊಳ್ಳುತ್ತಾರೆ, ಚೆನ್ನಾಗಿ ಕಾಣುತ್ತಾರೆ. ವಿರೋಚನನಿಗೆ ಅಷ್ಟು ಸಾಕಾಯಿತು. ಈ ದೇಹವೇ ಆತ್ಮ ಎಂದು ಅಸುರರಿಗೆ ಸಾರಿಬಿಟ್ಟ. ಇಂದ್ರನೂ ಖುಷಿಯಿಂದಲೇ ಹೊರಟ. ಆದರೆ ದಾರಿಯಲ್ಲಿ ಅನುಮಾನ ಬಂತು: ದೇಹ ಕುರುಡಾದರೆ ಇದೂ ಕುರುಡು, ದೇಹ ನಾಶವಾದರೆ ಇದೂ ನಾಶ, ಇದರಲ್ಲಿ ಒಳಿತೇನು ಕಂಡೆ? ತಿರುಗಿ ಬಂದ. ಹೀಗೆ ಬಂದು ಹೋಗಿ ಒಟ್ಟು 101 ವರ್ಷ. ಇಬ್ಬರೂ ಕೇಳಿದ್ದು ಒಂದೇ ಪಾಠ, ಕಾದದ್ದೂ ಮೊದಲು ಅಷ್ಟೇ ವರ್ಷ. ತನಗೆ ಒಪ್ಪಿದ ಉತ್ತರದ ಮೇಲೆ ಅನುಮಾನ ಪಡುವ ಶಕ್ತಿ ಒಬ್ಬನಿಗಿತ್ತು.

ಇಷ್ಟು ಹೇಳಿದ ಮೇಲೆ, ಒಳ್ಳೆಯವರು ಓದಿದರೆ ಒಳ್ಳೆಯ ಅರ್ಥ, ಕೆಟ್ಟವರು ಓದಿದರೆ ಕೆಟ್ಟ ಅರ್ಥ ಎಂಬ ಸುಲಭ ಸೂತ್ರ ಹೊರಟಂತೆ ಕಾಣಬಹುದು. ವಿಷಯ ಅಷ್ಟು ಸಲೀಸಲ್ಲ. ಒಳ್ಳೆಯತನವೂ ಅಡ್ಡ ಬರುತ್ತದೆ. ಕರ್ಣಪರ್ವದಲ್ಲಿ ಅರ್ಜುನ ತನ್ನ ಪ್ರತಿಜ್ಞೆ ಉಳಿಸಿಕೊಳ್ಳಲು ಅಣ್ಣನನ್ನೇ ಕೊಲ್ಲಲು ಕತ್ತಿ ಹಿರಿದಾಗ ಕೃಷ್ಣ ಕೌಶಿಕನ ಕಥೆ ಹೇಳುತ್ತಾನೆ. ಕೌಶಿಕ ಸದಾ ಸತ್ಯ ನುಡಿಯುವ ವ್ರತ ಹಿಡಿದ ತಪಸ್ವಿ. ಕಳ್ಳರಿಗೆ ಹೆದರಿ ಜನ ಕಾಡಿಗೆ ಓಡಿಹೋಗಿ ಅಡಗಿದರು. ಬೆನ್ನಟ್ಟಿ ಬಂದ ಕಳ್ಳರು ಕೇಳಿದರು. ಇವನು ದಾರಿ ತೋರಿಸಿದ. ಆ ಜನ ಸತ್ತರು, ಕೌಶಿಕ ನರಕಕ್ಕೆ ಹೋದ. ಸತ್ಯ ಹೇಳು ಎಂಬ ಶಾಸ್ತ್ರವಾಕ್ಯವನ್ನು ಅವನು ತಿರುಚಲಿಲ್ಲ, ಒಂದು ಅಕ್ಷರ ಬಿಡದೆ ಪಾಲಿಸಿದ. ಅವನಿಗೆ ತನ್ನ ಸತ್ಯವಂತಿಕೆಯ ಮೇಲಿದ್ದ ಪ್ರೀತಿಯ ಮುಂದೆ ಪೊದೆಯಲ್ಲಿ ನಡುಗುತ್ತಿದ್ದವರು ಕಾಣಲಿಲ್ಲ. ಮಡಿ, ವ್ರತ, ನೇಮದಲ್ಲಿ ಒಂದಿಷ್ಟೂ ಲೋಪವಿಲ್ಲದ ಮನೆಗಳಲ್ಲಿ ಸೊಸೆಯಂದಿರ ಕಣ್ಣೀರು ಯಾರಿಗೂ ಕಾಣದೆ ಹೋದದ್ದನ್ನು ನೋಡಿದವರಿಗೆ ಕೌಶಿಕ ದೂರದವನಲ್ಲ.

ಅಂತಃಸಾಕ್ಷಿಯನ್ನು ನಂಬಿದರಾಯಿತಲ್ಲ ಎನ್ನಬಹುದು. ಧರ್ಮಕ್ಕೆ ಮೂಲ ಯಾವುದು ಎಂದು ಪಟ್ಟಿ ಮಾಡುವಾಗ ಮನುಸ್ಮೃತಿ ವೇದ, ಸ್ಮೃತಿ, ಬಲ್ಲವರ ಶೀಲ, ಸಾಧುಗಳ ಆಚಾರದ ಜೊತೆಗೆ ಆತ್ಮತುಷ್ಟಿಯನ್ನೂ ಸೇರಿಸುತ್ತದೆ. ಕಾಳಿದಾಸನ ದುಷ್ಯಂತ, ಸಂದೇಹ ಬಂದಾಗ ಸಜ್ಜನರಿಗೆ ಅಂತಃಕರಣದ ಒಲವೇ ಪ್ರಮಾಣ ಎನ್ನುತ್ತಾನೆ. ಮೀಮಾಂಸಕ ಕುಮಾರಿಲ ಭಟ್ಟ ಈ ಸಾಲನ್ನು ಎತ್ತಿಕೊಂಡಿದ್ದಾನೆ. ಆದರೆ ದುಷ್ಯಂತ ಅದನ್ನು ಹೇಳುವುದು ಯಾವಾಗ? ಆಶ್ರಮದ ಹುಡುಗಿಯ ಮೇಲೆ ಕಣ್ಣು ಬಿದ್ದು, ಅವಳನ್ನು ತಾನು ಮದುವೆಯಾಗಬಹುದೋ ಇಲ್ಲವೋ ಎಂದು ಯೋಚಿಸುವಾಗ. ನನ್ನ ಮನಸ್ಸು ಬಯಸಿದೆ, ನಾನು ಸಜ್ಜನ, ಆದ್ದರಿಂದ ಅವಳು ತಕ್ಕವಳೇ! ಅವಳ ಹುಟ್ಟಿನ ವಿಷಯದಲ್ಲಿ ಅವನ ಊಹೆ ಸರಿಯಾಗಿಯೇ ಇತ್ತು. ಮುಂದೆ ಶಕುಂತಲೆ ಬಸುರಿಯಾಗಿ ಅರಮನೆಗೆ ಬಂದು ನಿಂತಾಗ ಅದೇ ಅಂತಃಕರಣ ಅವಳನ್ನು ಗುರುತಿಸಲಿಲ್ಲ. ಶಾಪದಿಂದ ಮರೆವು ಎಂದು ನಾಟಕ ಹೇಳುತ್ತದೆ, ಒಪ್ಪೋಣ. ನಾನು ಸಜ್ಜನ ಎಂಬ ಮಾತನ್ನು ಸಜ್ಜನ ತಾನೇ ಹೇಳಿಕೊಂಡರೆ ಆ ಪ್ರಮಾಣ ಎಷ್ಟು ನಿಲ್ಲುತ್ತದೆ ಎಂಬ ಪ್ರಶ್ನೆ ಮಾತ್ರ ಉಳಿಯುತ್ತದೆ.

ನಮ್ಮ ಸಂಪ್ರದಾಯಕ್ಕೆ ಈ ಅಪಾಯ ತಿಳಿದಿತ್ತು. ದುಶ್ಚರಿತದಿಂದ ಹಿಂದೆ ಸರಿಯದವನಿಗೆ ಬರೀ ಪ್ರಜ್ಞೆಯಿಂದ ಆತ್ಮ ಸಿಗದು ಎಂದು ಕಠೋಪನಿಷತ್ತು ಹೇಳಿತು. ವೇದಾಂತ ಓದಲು ಕೂರುವ ಮೊದಲೇ ಶಮ, ದಮ (ಮನಸ್ಸಿನ, ಇಂದ್ರಿಯಗಳ ಹತೋಟಿ) ಮೊದಲಾದ ಅರ್ಹತೆ ಕೇಳಿದರು. ಮೈಸೂರಿನ ಮಹಾರಾಜ ಕಾಲೇಜಿನಲ್ಲಿ ಸಂಸ್ಕೃತ ಕಲಿಸಿದ ಎಂ. ಹಿರಿಯಣ್ಣನವರು (1871–1950) ಮತ್ತೆ ಮತ್ತೆ ಒತ್ತಿಹೇಳಿದ್ದೂ ಇದನ್ನೇ: ಇಲ್ಲಿ ದರ್ಶನ ಎಂದರೆ ಬರಿಯ ಆಲೋಚನೆಯ ಕ್ರಮವಾಗಿರದೆ ಬದುಕಿನ ಕ್ರಮವಾಗಿತ್ತು. ಗಾಂಧೀಜಿ ಇನ್ನೂ ಖಡಾಖಂಡಿತ. ಅಹಿಂಸೆ, ಸತ್ಯ, ಬ್ರಹ್ಮಚರ್ಯಗಳಲ್ಲಿ ಪೂರ್ಣತೆ ಪಡೆಯದವನಿಗೆ, ಆಸ್ತಿಪಾಸ್ತಿಯ ಹಂಬಲ ಬಿಡದವನಿಗೆ ಶಾಸ್ತ್ರ ನಿಜವಾಗಿ ತಿಳಿಯದು ಎಂದು 1921ರಲ್ಲಿ ಬರೆದರು.

ಕೇಳಲು ಉದಾತ್ತವಾಗಿದೆ. ಇದಕ್ಕೆ ಅತ್ಯಂತ ಗಟ್ಟಿ ಆಕ್ಷೇಪಣೆ ಬಂದದ್ದು ಬಾಬಾಸಾಹೇಬ್ ಅಂಬೇಡ್ಕರರಿಂದ, ಮತ್ತು ಅದನ್ನು ದಾಟಿಕೊಂಡು ಈ ವಿಷಯ ಮಾತಾಡಲು ಬರುವುದಿಲ್ಲ. 1936ರಲ್ಲಿ ಲಾಹೋರಿನ ಸಂಘವೊಂದಕ್ಕೆಂದು ಬರೆದ, ಆದರೆ ಮಾಡಲಾಗದೇ ಹೋದ ಭಾಷಣವನ್ನು ಅವರು ತಾವೇ ಅಚ್ಚು ಹಾಕಿಸಿದರು. ಜಾತಿ ಹೋಗಬೇಕಾದರೆ ಶಾಸ್ತ್ರಗಳ ಪ್ರಾಮಾಣ್ಯವೇ ಹೋಗಬೇಕು ಎಂಬುದು ಅವರ ವಾದ. ಶಾಸ್ತ್ರದ ಅರ್ಥ ಹೇಳಬೇಕಾದವರು ಬರೀ ಪಂಡಿತರಲ್ಲ, ಧರ್ಮ ಬದುಕಿರುವುದು ಸಂತರ ಅನುಭವದಲ್ಲಿ ಎಂದು ಗಾಂಧೀಜಿ ಹರಿಜನ ಪತ್ರಿಕೆಯಲ್ಲಿ ಉತ್ತರಿಸಿದರು. ಅಂಬೇಡ್ಕರ್ ಕೇಳಿದ್ದು ಇಷ್ಟು: ಸಂತ ಎಷ್ಟೇ ಚೆನ್ನಾಗಿ ಅರ್ಥ ಮಾಡಲಿ, ಸಾಮಾನ್ಯ ಜನಕ್ಕೆ ಮುಟ್ಟಿದ್ದು ಯಾವ ಅರ್ಥ? ಸಂತ ಜಾತಿ ಮೀರಬಹುದು, ನೀನು ಮೀರಬಾರದು ಎಂದೇ ಜನಕ್ಕೆ ಕಲಿಸಲಾಗಿದೆ. ಹಾಗಾಗಿ ಸಂತ ಕೈಮುಗಿಸಿಕೊಳ್ಳುವವನಾಗಿ ಉಳಿದ, ಅನುಸರಿಸುವ ಮಾದರಿಯಾಗಲಿಲ್ಲ.

ಇದರಲ್ಲಿ ನಾನು ಅಂಬೇಡ್ಕರರ ಪಕ್ಷ. ಒಳ್ಳೆಯ ಓದುಗ ಯಾವ ಗ್ರಂಥದಿಂದಲೂ ಒಳ್ಳೆಯದನ್ನು ಹಿಂಡಿ ತೆಗೆಯಬಲ್ಲ. ಅಷ್ಟರಿಂದ ಗ್ರಂಥಕ್ಕೆ ಖುಲಾಸೆ ಸಿಗುವುದಿಲ್ಲ. ಓದುವವರ ಗುಣದ ಬಗ್ಗೆ ಮಾತಾಡುವವರೆಲ್ಲ ಇದನ್ನು ನೆನಪಿಡಬೇಕು. ಇಲ್ಲದಿದ್ದರೆ ಶಾಸ್ತ್ರದಿಂದ ನೋವು ತಿಂದವನಿಗೆ, ನಿನ್ನ ಮನಸ್ಸು ಶುದ್ಧವಾಗಿದ್ದರೆ ಇದರಲ್ಲಿ ನೋವು ಕಾಣುತ್ತಿರಲಿಲ್ಲ ಎಂದು ಹೇಳುವ ಕ್ರೌರ್ಯಕ್ಕೆ ಮಾತು ಜಾರುತ್ತದೆ.

ಇಲ್ಲಿಯೇ ಇನ್ನೊಂದು ಸಂಗತಿಯನ್ನೂ ಬಿಡಿಸಿಕೊಳ್ಳಬೇಕು. ಓದಿನ ವ್ಯತ್ಯಾಸವೆಲ್ಲ ಗುಣದಿಂದಲೇ ಬರುವುದಿಲ್ಲ. ನಿಂತ ಜಾಗದಿಂದಲೂ ಬರುತ್ತದೆ. ಕುವೆಂಪು 1944ರಲ್ಲಿ ಶಂಬೂಕನ ಕಥೆಯನ್ನು ‘ಶೂದ್ರ ತಪಸ್ವಿ’ ಎಂಬ ನಾಟಕವಾಗಿ ಬರೆದರು. ಮೂಲ ರಾಮಾಯಣದಲ್ಲಿ ಬ್ರಾಹ್ಮಣನ ಮಗ ಅಕಾಲದಲ್ಲಿ ಸತ್ತನೆಂಬ ದೂರಿನ ಮೇಲೆ ರಾಮ, ತಪಸ್ಸಿಗೆ ಕೂತ ಶೂದ್ರ ಶಂಬೂಕನ ತಲೆ ತೆಗೆಯುತ್ತಾನೆ. ಕುವೆಂಪು ನಾಟಕದಲ್ಲಿ ರಾಮ ಬಿಟ್ಟ ಅಸ್ತ್ರ ದೂರು ತಂದ ಬ್ರಾಹ್ಮಣನನ್ನೇ ಅಟ್ಟಿಸಿಕೊಂಡು ಬರುತ್ತದೆ. ಅವನು ತಪಸ್ವಿಗೆ ಕೈಮುಗಿದಾಗ ಮಗ ಬದುಕುತ್ತಾನೆ. ಮಾಸ್ತಿಯವರು ಇದನ್ನು ಆಕ್ಷೇಪಿಸಿದರು, ಕುವೆಂಪು ಉತ್ತರ ಕೊಟ್ಟರು. ಇಬ್ಬರೂ ಸಣ್ಣ ಮನಸ್ಸಿನವರಲ್ಲ. ಏಕಲವ್ಯನ ಬೆರಳಿನ ಕಥೆಯಲ್ಲಿ ಗುರುಭಕ್ತಿ ಕಾಣುವವರ ಮನೆಯಲ್ಲಿ ಯಾರ ಬೆರಳೂ ಹೋಗಿರುವುದಿಲ್ಲ, ಅಷ್ಟೇ. ಜಾಗ ಹುಟ್ಟಿನಿಂದ ಬಂದದ್ದು, ಅದಕ್ಕೆ ಯಾರನ್ನೂ ದೂರುವಂತಿಲ್ಲ. ಗುಣದ ಮಾತು ಬರುವುದು ಇನ್ನೊಂದು ಜಾಗದಿಂದ ಕಥೆ ಹೇಗೆ ಕಾಣುತ್ತದೆ ಎಂದು ಒಬ್ಬರು ಹೇಳಿದಾಗ. ಕುಳಿತು ಕೇಳಿಸಿಕೊಂಡೆವೋ, ನಮ್ಮ ದೇವರಿಗೆ ಅವಮಾನ ಎಂದು ಎದ್ದೆವೋ?

ಅಂದಮೇಲೆ ಗುಣವಂತರೆಲ್ಲ ಒಂದೇ ಅರ್ಥಕ್ಕೆ ಬರಬೇಕೆಂದೂ ಇಲ್ಲ. ಮಂಡಾಲೆಯ ಸೆರೆಮನೆಯಲ್ಲಿ ಕೂತು ತಿಲಕರು ಗೀತೆಯ ಮೇಲೆ ಬರೆದ ಗ್ರಂಥ 1915ರಲ್ಲಿ ಹೊರಬಂತು. ಅವರಿಗೆ ಅದು ಕರ್ಮಯೋಗದ ಶಾಸ್ತ್ರ. ಗಾಂಧೀಜಿಗೆ ಅದೇ ಗೀತೆಯ ಯುದ್ಧ ಮನಸ್ಸಿನೊಳಗಿನದು. ಇಬ್ಬರೂ ತಾವು ಓದಿದ ಅರ್ಥಕ್ಕೆ ತಮ್ಮ ಬದುಕನ್ನೇ ತೆತ್ತರು. ಇನ್ನೊಬ್ಬರ ಬೆಲೆಯಲ್ಲಿ ಅರ್ಥ ಮಾಡಿದವರಲ್ಲ. ಒಂದು ವ್ಯಾಖ್ಯಾನವನ್ನು ಕೇಳುವಾಗ ನಾನು ಮೊದಲು ನೋಡುವುದು ಅದನ್ನೇ, ಇದಕ್ಕೆ ಬೆಲೆ ತೆರುವವರು ಯಾರು ಎಂದು. ಹೆಂಗಸರು ಹೇಗಿರಬೇಕು ಎಂದು ಸೀತೆಯಿಂದ ಹೇಳುವ ಗಂಡಸು, ಬಡವರು ತೃಪ್ತರಾಗಿರಬೇಕು ಎಂದು ಸುದಾಮನಿಂದ ಹೇಳುವ ಶ್ರೀಮಂತ ಇಬ್ಬರೂ ತಮ್ಮ ಕಿಸೆಯಿಂದ ಏನನ್ನೂ ತೆಗೆಯುತ್ತಿಲ್ಲ.

ಮೈಸೂರು, ಮಂಡ್ಯದ ಕಡೆ ಗಮಕ ಸಭೆಗಳಲ್ಲಿ ಒಬ್ಬರು ರಾಗವಾಗಿ ಓದುತ್ತಾರೆ, ಒಬ್ಬರು ಅರ್ಥ ಹೇಳುತ್ತಾರೆ. ವಾಚನ ಮಾಡುವವರ ಕಂಠ ಕೆಟ್ಟರೆ ಎಲ್ಲರಿಗೂ ಗೊತ್ತಾಗುತ್ತದೆ. ವ್ಯಾಖ್ಯಾನ ಮಾಡುವವರು ಒಂದು ಪದ್ಯವನ್ನು ಹಾರಿಸಿ ಮುಂದಕ್ಕೆ ಹೋದರೆ ಸಭೆಗೆ ತಿಳಿಯುವುದೇ ಇಲ್ಲ. ಅವರೊಬ್ಬರ ಗುಣ ಇನ್ನೂರು ಜನರ ಕಿವಿಗೆ ಅರ್ಥವಾಗಿ ಇಳಿಯುತ್ತದೆ. ಒಳ್ಳೆಯ ವ್ಯಾಖ್ಯಾನಕಾರರು ತನ್ನನ್ನೇ ಸೋತವನು ನನ್ನನ್ನು ಪಣಕ್ಕಿಡಬಹುದೇ ಎಂದು ದ್ರೌಪದಿ ಸಭೆಗೆ ಹಾಕಿದ ಪ್ರಶ್ನೆ ಬಂದಾಗ ನಿಲ್ಲುತ್ತಾರೆ. ಭೀಷ್ಮರೂ ಬಿಡಿಸಲಾರದೆ ಹೋದ ಆ ಪ್ರಶ್ನೆಗೆ ತಾವೂ ಅವಸರದ ಉತ್ತರ ಕೊಡದೆ ಸಭೆಯ ಮುಂದಿಡುತ್ತಾರೆ. ಅಂಥವರನ್ನು ಕೇಳಿದ್ದೇನೆ. ಸಭೆಯಲ್ಲಿ ಹೆಂಗಸರ ಸಾಲಿನಿಂದ ಆಗ ಏಳುವ ಗುಜುಗುಜು ಬೇರೆ ಯಾವ ಪದ್ಯಕ್ಕೂ ಏಳುವುದಿಲ್ಲ.

ಕಥೆಯೇ ಕೇಳುಗರನ್ನು ಪರೀಕ್ಷೆಗೆ ಹಚ್ಚುವ ಒಂದು ಕಾವ್ಯ ಮಂಡ್ಯದ ಮಣ್ಣಿನಲ್ಲೇ ಇದೆ. ಮಳವಳ್ಳಿ ತಾಲ್ಲೂಕಿನ ಬೊಪ್ಪೇಗೌಡನಪುರ ಮಂಟೇಸ್ವಾಮಿಯ ನೆಲೆ; ನೀಲಗಾರರು ತಂಬೂರಿ ಹಿಡಿದು ರಾತ್ರಿಯಿಡೀ ಹಾಡುವುದು ಆತನ ಕಥೆ. ಬಸವಣ್ಣನ ಕಲ್ಯಾಣದಲ್ಲಿ ಜಂಗಮರಿಗೆ ನಿತ್ಯ ದಾಸೋಹ ನಡೆಯುತ್ತಿದೆ. ಅಲ್ಲಿಗೆ ಧರೆಗೆ ದೊಡ್ಡವರಾದ ಮಂಟೇಸ್ವಾಮಿ ನೊಣ ಮುತ್ತುವ ಮೈಯಲ್ಲಿ, ನಾರುವ ವೇಷದಲ್ಲಿ ಬಂದು ಬಾಗಿಲಲ್ಲಿ ನಿಲ್ಲುತ್ತಾರೆ. ಒಳಗಿರುವವರು ಭಕ್ತರು, ಶಿವನನ್ನು ಬಲ್ಲವರು, ವಚನ ಬಲ್ಲವರು. ಅಸಹ್ಯಪಟ್ಟು ಹೊಡೆದು ಅಟ್ಟುತ್ತಾರೆ. ಗುರುತು ಹಿಡಿದು ಹುಡುಕಿಕೊಂಡು ಹೋಗುವವರು ಬಸವಣ್ಣ, ನೀಲಮ್ಮ. ಈ ಕಥೆಯ ಪೆಟ್ಟು ಬೀಳುವುದು ಅಧರ್ಮಿಗಳಿಗಲ್ಲ, ಧರ್ಮದ ಮನೆಯ ಒಳಗೆ ಊಟಕ್ಕೆ ಕೂತವರಿಗೆ. ಎಲ್ಲರೂ ಸಮ ಎಂದು ಕಟ್ಟಿದ ಮನೆಯಲ್ಲೂ ಬಾಗಿಲು ಕಾಯುವವರು ಹುಟ್ಟಿಕೊಂಡದ್ದನ್ನು ಅದು ಹೇಳುತ್ತದೆ.

ಹೀಗಾಗಿ ಇದನ್ನು ಮಕ್ಕಳಿಗೆ ಹೇಳುವಾಗ ಯಾವ ಪ್ರಶ್ನೆ ಕೇಳುತ್ತೇವೆ ಎಂಬುದು ಮುಖ್ಯ. ನೀನಾಗಿದ್ದರೆ ಬಾಗಿಲು ತೆಗೆಯುತ್ತಿದ್ದೆಯಾ ಎಂದರೆ ಎಲ್ಲ ಮಕ್ಕಳೂ ತೆಗೆಯುತ್ತಿದ್ದೆ ಎನ್ನುತ್ತವೆ, ಕಥೆ ಅಲ್ಲಿಗೆ ಮುಗಿಯುತ್ತದೆ. ಮೊನ್ನೆ ನಮ್ಮ ಗೇಟಿನ ಹತ್ತಿರ ಬಂದು ನೀರು ಕೇಳಿದವರಿಗೆ ಯಾವ ಲೋಟದಲ್ಲಿ ಕೊಟ್ಟೆವು, ಯಾಕೆ ಬೇರೆ ಲೋಟ ಎಂದು ಕೇಳಿದರೆ ಮಾತು ಮುಂದುವರಿಯುತ್ತದೆ. ಆದರೆ ಈ ಪ್ರಶ್ನೆಗೆ ಮಕ್ಕಳು ಉತ್ತರ ಕೊಡಲಾರವು. ಆ ಲೋಟವನ್ನು ಬೇರೆ ಇಟ್ಟವರು ದೊಡ್ಡವರು, ಉತ್ತರವನ್ನೂ ಅವರೇ ಕೊಡಬೇಕಾಗುತ್ತದೆ.